ಒಳಗೆ ಸೇರಿಕೊಂಡವರನ್ನು ಹೊರಗೆ ಕಳಿಸುವ ಬೀಗದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾರ್ವಜನಿಕ ವಾಚನಾಲಯದ ಕಬ್ಬಿಣದ ಬಾಗಿಲನ್ನು ಭುಜ ಕೊಟ್ಟು ತಳ್ಳಿ ಒಳಗೆ ಬರುವ ಅಕ್ಕ ಮೊದಲು ದೀಪ ಹಾಕುವುದಿಲ್ಲ. ಕತ್ತಲಲ್ಲೇ ಉದ್ದನೆಯ ಮೇಜುಗಳ ನಡುವೆ ನಡೆದು ಮೂಲೆಯಲ್ಲಿರುವ ಕಂಪ್ಯೂಟರ್‌ಗಳ ಕಡೆ ಹೋಗುತ್ತಾರೆ. ಹಿಂದಿನ ದಿನ ಯಾರಾದರೂ ತಮ್ಮ ಇಮೇಲ್ ತೆರೆದಿಟ್ಟು ಹಾಗೇ ಎದ್ದು ಹೋಗಿದ್ದರೆ ಕತ್ತಲಲ್ಲಿ ಪರದೆ ತಾನೇ ಹೇಳುತ್ತದೆ. ಇವತ್ತೂ ಒಂದು ಬೆಳಗುತ್ತಿದೆ. ಯಾರೋ ಮಗಳಿಗೆ ಬರೆದ ಅರ್ಧ ಪತ್ರ, ಕೊನೆಯ ಅಕ್ಷರದ ಪಕ್ಕದಲ್ಲಿ ಮಿಣುಕುತ್ತಿರುವ ಸಣ್ಣ ಗೆರೆ. ಖಾಲಿ ಕುರ್ಚಿಯಲ್ಲಿ ಯಾರೋ ಕೂತು ಮುಂದೇನು ಬರೆಯಲಿ ಎಂದು ಯೋಚಿಸುತ್ತಿರುವ ಹಾಗಿದೆ. ಅಕ್ಕ ಮುಖ ಆಚೆ ತಿರುಗಿಸಿಕೊಂಡು ಅದನ್ನು ಮುಚ್ಚುತ್ತಾರೆ.

"ಮನೆ ಬಾಗಿಲು ತೆಗೆದಿಟ್ಟು ಊರಿಗೆ ಹೋಗ್ತಾರಾ ಯಾರಾದ್ರೂ? ಇಲ್ಲಿ ಮಾತ್ರ ಹೋಗ್ತಾರೆ" ಎನ್ನುತ್ತಾ ದೀಪ ಹಾಕಿ, ಪತ್ರಿಕೆಗಳ ಕಟ್ಟು ಬಿಚ್ಚುತ್ತಾರೆ.

ಪತ್ರಿಕೆ ಹರಡುವುದು, ಮೇಜು ಒರೆಸುವುದು, ಜೋರಾಗಿ ಮಾತಾಡುವವರನ್ನು ಕಣ್ಣಲ್ಲೇ ಗದರಿಸುವುದು. ನೇಮಕದ ಪ್ರಕಾರ ಅವರ ಕೆಲಸ ಇಷ್ಟೇ. ಆದರೆ ಈ ಸುತ್ತಮುತ್ತ ಅವರನ್ನು ಯಾರೂ ಪತ್ರಿಕೆಯ ಅಕ್ಕ ಎನ್ನುವುದಿಲ್ಲ. ಬೀಗದಕ್ಕ ಎನ್ನುತ್ತಾರೆ. ಇಮೇಲ್ ಕಳೆದುಕೊಂಡವರು, ಯಾರೋ ಒಳಗೆ ನುಗ್ಗಿದ್ದಾರೆ ಎಂದು ಅನುಮಾನ ಬಂದವರು, ಬ್ಯಾಂಕಿನ ಹೆಸರಿನಲ್ಲಿ ಬಂದ ಪತ್ರ ನಿಜವೋ ಸುಳ್ಳೋ ಎಂದು ತಿಳಿಯದವರು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಇಲ್ಲಿಗೆ ಬರುತ್ತಾರೆ. ದಿನಕ್ಕೆ ಐದಾರು ಜನ, ವಾರದ ಮೊದಲ ದಿನ ಅದರ ಎರಡರಷ್ಟು. ರಜೆಯಲ್ಲಿ ಆರಾಮಾಗಿ ಕೂತಾಗಲೇ ಜನ ಸಿಕ್ಕಸಿಕ್ಕ ಕೊಂಡಿಯನ್ನೆಲ್ಲ ಒತ್ತುತ್ತಾರಂತೆ.

ಅಕ್ಕನ ಮೊದಲ ಕೆಲಸ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ತಲೆಗೊಂದು ಪಟ್ಟಿ, ಕಿವಿಗೊಂದು ಬಟ್ಟಲು, ಎದುರಿಗೆ ನೂರಾರು ತೂತುಗಳ ಹಲಗೆ. ಒಂದು ತೂತಿನ ತಂತಿ ಇನ್ನೊಂದಕ್ಕೆ ಚುಚ್ಚಿದರೆ ಎರಡು ಮನೆಗಳು ಮಾತಾಡುತ್ತವೆ, ನಡುವೆ ಕೂತವರು ಬೇಕೆಂದರೆ ಎಲ್ಲವನ್ನೂ ಕೇಳಬಹುದು. "ಸತ್ತ ಸುದ್ದಿ, ಹುಟ್ಟಿದ ಸುದ್ದಿ, ಗಂಡ ಹೆಂಡ್ತಿ ಜಗಳ, ಎಲ್ಲ ನನ್ನ ಕಿವಿ ಪಕ್ಕದಲ್ಲೇ ಹೋಗ್ತಿತ್ತು. ಕೇಳಿಸ್ಕೊಳ್ಳೋದು ಸುಲಭ. ಕೇಳಿಸ್ಕೊಳ್ಳದೆ ಇರೋದನ್ನ ಕಲಿಯೋಕೆ ನಂಗೆ ಎರಡು ವರ್ಷ ಬೇಕಾಯ್ತು." ಹಲಗೆ ಹೋಗಿ ಯಂತ್ರ ಬಂತು, ಅದರ ಮುಂದೆ ಕೂರುತ್ತಿದ್ದ ಹುಡುಗಿಯರೆಲ್ಲ ಒಂದೇ ದಿನ ಕೆಲಸ ಕಳೆದುಕೊಂಡು ಮನೆಗೆ ಹೋದರು. ಅದೇ ವರ್ಷ ಗಂಡನ ಮಂಡಿ ಕೈಕೊಟ್ಟಿತು, ಲಾರಿ ಗ್ಯಾರೇಜಿನ ಕೆಲಸ ಬಿಡಬೇಕಾಯಿತು. ಮಗಳನ್ನು ಓದಿಸಬೇಕಿತ್ತು. ಹೊಲಿಗೆ, ಆಸ್ಪತ್ರೆಯ ಲಿಫ್ಟಿನಲ್ಲಿ ಗುಂಡಿ ಒತ್ತುವ ಕೆಲಸ, ಯಾರದೋ ಅಂಗಡಿಯ ಲೆಕ್ಕ ಎಂದು ಅಲೆದು ಕೊನೆಗೆ ಅಕ್ಕ ಈ ವಾಚನಾಲಯಕ್ಕೆ ಬಂದು ಸೇರಿದ್ದಾರೆ.

ಬೀಗದ ಕೆಲಸವನ್ನು ಯಾರೂ ಕಲಿಸಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಕಂಗಾಲಾಗುವವರನ್ನು ನೋಡುತ್ತಾ, ಅವರ ಜೊತೆಗೇ ಓದಿಕೊಳ್ಳುತ್ತಾ, ತಪ್ಪುತ್ತಾ ಕಲಿತದ್ದು. ಕೆಲಸದ ರೀತಿ ಮಾತ್ರ ಎಕ್ಸ್‌ಚೇಂಜಿನದೇ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಕೀಲಿಮಣೆ ಮುಟ್ಟುವುದಿಲ್ಲ. ಪಾಸ್‌ವರ್ಡ್ ಒತ್ತುವಾಗ ಗೋಡೆಯ ಕಡೆ ತಿರುಗುತ್ತಾರೆ. "ಸಹಾಯ ಮಾಡ್ತೀನಿ ಅಂತ ಬಂದವರೇ ಅಲ್ವಾ ಕದ್ದಿದ್ದು? ನಾನೂ ಹಾಗೇ ಬಂದ್ರೆ ಅವರು ಕಲಿಯೋದು ಯಾವಾಗ?"

ಬುದ್ಧಿಮಾತನ್ನೂ ಉದ್ದ ಎಳೆಯುವುದಿಲ್ಲ. "ಹೆದರಿಸಿದ್ರೆ ನಿಲ್ಲಿ. ಅವಸರ ಮಾಡಿದ್ರೆ ನಿಲ್ಲಿ. ತುಂಬಾ ಪ್ರೀತಿ ಮಾಡಿದ್ರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ" ಎನ್ನುತ್ತಾರೆ. ನರ್ಸ್ ಆಗಿರುವ ಮಗಳಿಗೆ ಇದೆಲ್ಲ ತಲೆನೋವು. "ಹೊಸ ನಂಬರಿಂದ ನಾನು ಫೋನ್ ಮಾಡಿದ್ರೂ 'ನಿನ್ನೆ ನನ್ನ ಹತ್ತಿರ ಯಾಕೆ ಮುಖ ಊದಿಸ್ಕೊಂಡಿದ್ದೆ ಹೇಳು' ಅಂತಾಳೆ. ಹೇಳಿದ ಮೇಲೇನೇ ನಾನು ಅವಳ ಮಗಳು" ಎಂದು ನಗುತ್ತಾಳೆ.

ಇವತ್ತು ಮೊದಲು ಬಂದವರು ಲಿಫ್ಟ್ ಮೆಕ್ಯಾನಿಕ್. ಐವತ್ತು ದಾಟಿದ ಗಟ್ಟಿ ಆಳು, ಮೂಗಿನ ತುದಿಯಲ್ಲೇ ಕೋಪ, ಮೋಟಾರುಗಳ ಸದ್ದಿಗೆ ಕಿವಿ ಅರ್ಧ ಮಂದ. ಆದರೆ ಈಗ ಅವರ ದನಿ ಕುಗ್ಗಿದೆ. ಪಕ್ಕದ ಊರಿನಲ್ಲಿರುವ ಅಣ್ಣನ ಜೊತೆ, ಅಪ್ಪನ ರೇಡಿಯೊ ಕೆಟ್ಟ ವಿಷಯಕ್ಕೆ, ಅವರು ಮಾತು ಬಿಟ್ಟು ವರ್ಷಗಳೇ ಆಗಿವೆ. ನಿನ್ನೆ ತಂಗಿ ಫೋನ್ ಮಾಡಿ, ಅಂತೂ ಅಣ್ಣನಿಗೆ ಬರೆಯೋ ಬುದ್ಧಿ ಬಂತಲ್ಲ ನಿಂಗೆ, ಅವನು ನಿನ್ನ ಪತ್ರ ಓದಿ ಓದಿ ಅಳ್ತಾನೆ ಎಂದಳಂತೆ.

"ನಾನು ಒಂದಕ್ಷರ ಬರೆದಿಲ್ಲಕ್ಕಾ" ಎನ್ನುತ್ತಾರೆ ಮೆಕ್ಯಾನಿಕ್.

ಅಕ್ಕ ಕೈ ಹಿಂದೆ ಕಟ್ಟಿಕೊಂಡು ಹೇಳಿದಂತೆ ಅವರು ಒಂದೊಂದೇ ಗುಂಡಿ ಒತ್ತುತ್ತಾರೆ. ಇಮೇಲ್ ಯಾವ ಯಾವ ಯಂತ್ರದಲ್ಲಿ ತೆರೆದಿದೆ ಎಂಬ ಪುಟ ಬರುತ್ತದೆ. ಒಂದು ಅವರ ಫೋನು. ಒಂದು ಈ ಕಂಪ್ಯೂಟರ್. ಮೂರನೆಯದು ಯಾವುದೋ ಗೊತ್ತಿಲ್ಲದ ಯಂತ್ರ, ಅದರ ಮುಂದೆ ಬರೆದಿದೆ: ಈಗ ಬಳಕೆಯಲ್ಲಿದೆ.

"ಈಗ ಅಂದ್ರೆ?"

"ಈಗ ಅಂದ್ರೆ ಈಗ. ನಾವಿಬ್ರೂ ಇಲ್ಲಿದೀವಲ್ಲ, ಅವನೂ ಇದಾನೆ."

ಮೆಕ್ಯಾನಿಕ್ ತಿರುಗಿ ಬೆನ್ನ ಹಿಂದೆ ನೋಡುತ್ತಾರೆ. ಖಾಲಿ ಬೆಂಚುಗಳು, ಮಡಿಕೆ ಬಿಚ್ಚದ ಪತ್ರಿಕೆಗಳು. ಅಕ್ಕ ನಗುವುದಿಲ್ಲ, ಹಾಗೆ ತಿರುಗಿ ನೋಡುವವರು ಬಹಳ ಜನ.

ಏಳೆಂಟು ತಿಂಗಳ ಹಿಂದೆ, ನಿಮ್ಮ ಇಮೇಲ್ ಪೆಟ್ಟಿಗೆ ತುಂಬಿದೆ, ಇಲ್ಲಿ ಪಾಸ್‌ವರ್ಡ್ ಹಾಕಿ ಎಂಬ ಪತ್ರ ಬಂದಿತ್ತು. ಇವರು ಹಾಕಿದ್ದರು. ಒಳಗೆ ಬಂದವನು ಏನನ್ನೂ ಒಡೆಯಲಿಲ್ಲ, ಇವರನ್ನು ಹೊರಗೂ ಹಾಕಲಿಲ್ಲ. ಸದ್ದಿಲ್ಲದೆ ಕೂತು ಹಳೆಯದನ್ನೆಲ್ಲ ಓದಿದ. ಅಣ್ಣನಿಂದ ಬಂದ ಪತ್ರಗಳೆಲ್ಲ ಇವರ ಕಣ್ಣಿಗೆ ಬೀಳದೆ ಮೂಲೆಯ ಕಡತಕ್ಕೆ ಹೋಗುವಂತೆ ಒಂದು ನಿಯಮ ಹಾಕಿಟ್ಟ. ಆಮೇಲೆ ಬರೆಯತೊಡಗಿದ.

ಮೆಕ್ಯಾನಿಕ್ ಆ ಪತ್ರಗಳನ್ನು ಒಂದೊಂದಾಗಿ ತೆರೆದು ಓದುತ್ತಾರೆ. ಪ್ರೀತಿಯ ಅಣ್ಣಾ, ಬೆನ್ನು ನೋವು ಹೇಗಿದೆ? ಅಣ್ಣಾ, ಅಪ್ಪನ ರೇಡಿಯೊ ಕೆಡಿಸಿದವನು ನಾನೇ, ಇಷ್ಟು ವರ್ಷ ಒಪ್ಪಿಕೊಳ್ಳಲಿಲ್ಲ, ಕ್ಷಮಿಸು... ಫೋನ್ ಮಾಡಬೇಡ ಅಣ್ಣಾ, ನಿನ್ನ ದನಿ ಕೇಳಿದರೆ ಅಳು ಬರುತ್ತದೆ, ಬರೆಯುವುದೇ ವಾಸಿ...

"ಕೊನೇಲಿ ಮೂರು ಚುಕ್ಕೆ ಇಡೋ ನನ್ನ ಚಾಳಿನೂ ಕಲಿತಿದಾನೆ" ಎನ್ನುತ್ತಾರೆ. "ಎಲ್ಲಾ ನನ್ನ ಥರಾನೇ ಇದೆ. ಆದ್ರೆ ನಾನು ಇಷ್ಟು ಒಳ್ಳೆಯವನಲ್ಲ."

ಅಷ್ಟರಲ್ಲಿ ಅಕ್ಕನ ಕಣ್ಣು ಪರದೆಯ ಅಂಚಿಗೆ ಹೋಗುತ್ತದೆ. ಕರಡು ಪತ್ರಗಳ ಕಡತದಲ್ಲಿ ಹೊಸದೊಂದು ಬಂದಿದೆ. ತೆರೆಯಿರಿ ಎನ್ನುತ್ತಾರೆ. *ಅಣ್ಣಾ, ಎದ್ದೆಯಾ?* ಎಂದಷ್ಟೇ ಇದೆ. ಇಬ್ಬರೂ ನೋಡುತ್ತಿರುವಂತೆಯೇ ಅದರ ಕೆಳಗೆ ಇನ್ನೊಂದು ಸಾಲು ಮೂಡುತ್ತದೆ. *ನಮ್ಮ ಹಳೆಯ ಫೋಟೊಗಳನ್ನೆಲ್ಲ ಒಂದು ಕಡೆ ಸೇರಿಸುತ್ತಿದ್ದೇನೆ.* ಯಾರ ಬೆರಳೂ ಇಲ್ಲದೆ ಅಕ್ಷರಗಳು ಬರುತ್ತಿವೆ. *ನಿನ್ನ ಫೋನಿಗೆ ಆರು ಅಂಕಿಗಳು ಬರುತ್ತವೆ. ಬಂದ ತಕ್ಷಣ ನನಗೆ*

ಆ ಆರು ಅಂಕಿಗಳು ಅಣ್ಣನ ಇಮೇಲಿನ ಬೀಗ ಬದಲಿಸುವ ಗುಟ್ಟು. ಅದು ಕೈಗೆ ಬಂದರೆ ಅಣ್ಣನ ಬ್ಯಾಂಕು, ಮನೆಯ ಕಾಗದಪತ್ರ ಎಲ್ಲಕ್ಕೂ ಬಾಗಿಲು ತೆರೆದಂತೆ. ಇಷ್ಟು ತಿಂಗಳು ಬೆಣ್ಣೆ ಹಚ್ಚಿದ್ದು ಇದಕ್ಕೇ.

"ಪಾಸ್‌ವರ್ಡ್ ಬದಲಾಯಿಸಿ. ಬೇಗ. ಆಮೇಲೆ ಎಲ್ಲಾ ಯಂತ್ರದಿಂದ ಹೊರಗೆ ಅನ್ನೋದನ್ನ ಒತ್ತಿ" ಎಂದು ಅಕ್ಕ ಗೋಡೆಗೆ ಮುಖ ಮಾಡುತ್ತಾರೆ. ಕೀಲಿಮಣೆಯ ಸದ್ದು ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗುತ್ತದೆ. ಅವನು ಸೇರಿಸಿಟ್ಟಿದ್ದ ಫೋನ್ ನಂಬರ್ ತೆಗೆಸುತ್ತಾರೆ, ಬಚ್ಚಿಡುವ ನಿಯಮ ಅಳಿಸಿಸುತ್ತಾರೆ, ಪಾಸ್‌ವರ್ಡಿನ ಮೇಲೆ ಫೋನಿನ ಎರಡನೇ ಬೀಗ ಹಾಕಿಸುತ್ತಾರೆ. ಯಂತ್ರಗಳ ಪುಟದಲ್ಲಿ ಈಗ ಒಂದೇ ಸಾಲು ಉಳಿದಿದೆ. ಕರಡು ಪತ್ರ ಅರ್ಧಕ್ಕೇ ನಿಂತಿದೆ.

"ಅವನೀಗ ಎಲ್ಲಿಗೆ ಹೋಗ್ತಾನೆ?" ಎಂದು ಮೆಕ್ಯಾನಿಕ್ ಕೇಳುತ್ತಾರೆ.

"ಇನ್ನೊಂದು ಮನೆಗೆ" ಎನ್ನುತ್ತಾರೆ ಅಕ್ಕ.

ಅಕ್ಕನ ಲೆಕ್ಕದಲ್ಲಿ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಕಳ್ಳ ಯಾರು ಯಾರಿಗೆ ಬರೆದಿದ್ದನೋ ಅವರಿಗೆಲ್ಲ ಇಲ್ಲಿಂದಲೇ ಫೋನ್ ಮಾಡಿ, ಬರೆದದ್ದು ನಾನಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಜನ ಹಿಂಜರಿಯುವುದು ಇಲ್ಲಿಯೇ. ಮೆಕ್ಯಾನಿಕ್ ಅಂತೂ ಫೋನನ್ನು ಮುಟ್ಟುವುದಕ್ಕೂ ತಯಾರಿಲ್ಲ.

"ಅಣ್ಣ ಅತ್ತಿದಾನಂತೆ. ಆ ಪತ್ರ ನಂದಲ್ಲ ಅಂದ್ರೆ ಮತ್ತೆ ದೂರ ಹೋಗ್ಬಿಡ್ತಾನೆ. ಕಳ್ಳನೇ ನಮ್ಮಿಬ್ರನ್ನ ಜೋಡಿಸಿದ್ದಿರಬಹುದು, ಜೋಡಿಸಿದಾನಲ್ಲ, ನಾನ್ಯಾಕಕ್ಕಾ ಕೈಯಾರೆ ಮುರೀಲಿ?"

"ಇವತ್ತು ಸಂಜೆಯೊಳಗೆ ಅವನು ನಿಮ್ಮ ಹೆಸರಲ್ಲೇ ಬೇರೆ ವಿಳಾಸ ಮಾಡ್ಕೊಂಡು ಬರೀತಾನೆ. ಅಣ್ಣ ಆರು ಅಂಕಿ ಕೊಟ್ಬಿಡ್ತಾರೆ. ಆಮೇಲೆ ಅವರನ್ನ ಮುಳುಗಿಸಿದ್ದು ಯಾರ ಹೆಸರು? ನಿಮ್ಮದೇ" ಎಂದು ಅಕ್ಕ ಫೋನನ್ನು ಅವರ ಮುಂದೆ ಸರಿಸುತ್ತಾರೆ. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಬೇಕಾಗುತ್ತದೆ. ಕೇಳಿಸಿಕೊಳ್ಳದೆ ಇರುವುದು ಇವತ್ತು ಅಕ್ಕನಿಗೂ ಆಗದ ಮಾತು.

ಆ ಕಡೆ ಅಣ್ಣ ಎತ್ತುತ್ತಾರೆ. ಇವರು ತಾವು ಯಾರೆಂದು ಹೇಳುತ್ತಾರೆ.

"ನೀನು ಫೋನ್ ಮಾಡ್ತೀಯ ಅಂತ ಅವನು ಮೊದಲೇ ಬರೆದಿದ್ದ" ಎನ್ನುತ್ತದೆ ಆ ದನಿ, ತಣ್ಣಗೆ. "ಯಾರೋ ನನ್ನ ಹೆಸರು ಹೇಳ್ಕೊಂಡು ಫೋನ್ ಮಾಡ್ತಾರೆ, ನಂಬಬೇಡ ಅಣ್ಣಾ ಅಂದಿದ್ದ. ಯಾರಪ್ಪಾ ನೀನು?"

ಮೆಕ್ಯಾನಿಕ್ ಹುಟ್ಟಿದ ಊರು ಹೇಳುತ್ತಾರೆ, ಅಮ್ಮ ಕರೆಯುತ್ತಿದ್ದ ಹೆಸರು ಹೇಳುತ್ತಾರೆ, ಬಾಲ್ಯದಲ್ಲಿ ಬಿದ್ದು ಮುರಿದ ಹಲ್ಲಿನ ಕಥೆ ಹೇಳುತ್ತಾರೆ. ಅದೆಲ್ಲ ಪತ್ರದಲ್ಲಿ ಬಂದಾಗಿದೆ ಎನ್ನುತ್ತದೆ ಆ ದನಿ. ಕಳ್ಳ ಕೇಳಿದ್ದ, ಅಣ್ಣ ಖುಷಿಯಿಂದ ಎಲ್ಲವನ್ನೂ ಬರೆದಿದ್ದ. ಒಡಹುಟ್ಟಿದವನ ಹತ್ತಿರ ತಾನು ತಾನೇ ಎನ್ನುವುದಕ್ಕೆ ಒಂದು ಚೂರೂ ಉಳಿದಿಲ್ಲ.

"ನನ್ನ ತಮ್ಮ ರೇಡಿಯೊ ತಪ್ಪನ್ನ ಒಪ್ಕೊಂಡು ಕ್ಷಮೆ ಕೇಳಿದಾನೆ. ನೀನು ಇಡಪ್ಪಾ ಫೋನು."

"ನಾನ್ಯಾಕೋ ಕ್ಷಮೆ ಕೇಳ್ಲಿ?" ಎಂದು ಮೆಕ್ಯಾನಿಕ್ ಕಿರುಚುತ್ತಾರೆ. ವಾಚನಾಲಯದ ಗಾಜುಗಳು ಅದುರುತ್ತವೆ. "ರೇಡಿಯೊ ಮೇಲೆ ನೀರಿನ ಲೋಟ ಇಟ್ಟಿದ್ದು ನೀನು! ಉರುಳಿಸಿದ್ದು ನೀನು! ಅಂಗಿ ತುದೀಲಿ ಒರೆಸಿ, ಏನೂ ಆಗದ ಹಾಗೆ ಕಿಟಕಿ ಹತ್ರ ಹೋಗಿ ನಿಂತೆ. ನಾನು ಬಾಗಿಲ ಸಂದೀಲಿ ನೋಡ್ತಿದ್ದೆ. ಅಪ್ಪ ಹಾಸಿಗೆ ಹಿಡಿದಿದ್ರು, ನಿನ್ನ ಮಾನ ಯಾಕೆ ಕಳೀಬೇಕು ಅಂತ ಬಾಯಿ ಮುಚ್ಕೊಂಡು ರಿಪೇರಿಗೆ ಕೂತೆ. ನೀನು ಎಲ್ಲರ ಮುಂದೆ, ಇವನು ಮುಟ್ಟಿದ್ದೆಲ್ಲ ಹಾಳು ಅಂದೆ. ಕ್ಷಮೆಯಂತೆ ಕ್ಷಮೆ!"

ಸ್ಪೀಕರಿನಲ್ಲಿ ಗೊರ ಗೊರ ಸದ್ದು ಮಾತ್ರ. ಲೈನ್ ಹೋಯಿತೇನೋ ಎಂದು ಅಕ್ಕ ಬಗ್ಗುತ್ತಾರೆ. ಆಮೇಲೆ ಆ ದನಿ ಬರುತ್ತದೆ, ಒಮ್ಮೆಲೇ ಮುದಿಯಾದ ದನಿ.

"ನೋಡಿದ್ದೆಯಾ?"

"ನೋಡಿದ್ದೆ."

"ಅವನು ಪ್ರತಿ ಸಲ ಕ್ಷಮಿಸು ಅಂತ ಬರೆದಾಗ ನಂಗೆ ತುತ್ತು ಇಳೀತಿರ್ಲಿಲ್ಲ ಕಣೋ. ಮಾಡದ ತಪ್ಪಿಗೆ ಇವನು ಕ್ಷಮೆ ಕೇಳ್ತಿದಾನೆ ಅಂತ. ಎಷ್ಟು ಸಲ ನಿಜ ಬರೆಯೋಕೆ ಕೂತೆ, ಕೈ ಬರ್ಲಿಲ್ಲ."

ಅಕ್ಕನಿಗೆ ಕೆಲಸ ಕೆಲಸವೇ. ಫೋನಿನತ್ತ ಬಾಗಿ, "ಆರು ಅಂಕಿ ಬಂದ್ರೆ ಯಾರಿಗೂ ಹೇಳ್ಬೇಡಿ ಅಣ್ಣಾವ್ರೇ, ಸ್ವಂತ ತಮ್ಮನಿಗೂ" ಎನ್ನುತ್ತಾರೆ. ಆ ಕಡೆಯಿಂದ ಹೂಂ ಎಂಬ ಉತ್ತರ ಬರುತ್ತದೆ. ಇನ್ನೇನು ಇಡಬೇಕು ಎನ್ನುವಾಗ ಅಣ್ಣ ಮತ್ತೆ ಬಾಯಿ ತೆರೆಯುತ್ತಾರೆ.

"ಅವನು ಈ ಭಾನುವಾರ ಬರ್ತೀನಿ ಅಂದಿದ್ದ. ಕೋಣೆ ಗುಡಿಸಿಟ್ಟಿದೀನಿ."

ಮೆಕ್ಯಾನಿಕ್ ಪರದೆಯನ್ನು ನೋಡುತ್ತಾ ಕೂರುತ್ತಾರೆ. ತನ್ನ ಹೆಸರಿನಲ್ಲಿ ಬೇರೆ ಯಾರೋ ಕೊಟ್ಟ ಮಾತು ಅದು. "ನಾನು ಬರ್ತೀನಿ" ಎನ್ನುತ್ತಾರೆ ಕೊನೆಗೆ. "ಹೊದಿಕೆ ತೆಳ್ಳಗಿರೋದು ಇಡ್ಬೇಡ, ಚಳಿ ಆಗುತ್ತೆ."

ಕೆಲಸ ಮುಗಿದ ಮೇಲೆ ಯಾರನ್ನೂ ವಿಚಾರಿಸುವ ಅಭ್ಯಾಸ ಅಕ್ಕನಿಗಿಲ್ಲ. ಎಕ್ಸ್‌ಚೇಂಜಿನಲ್ಲಿ ತಂತಿ ಕಿತ್ತ ಮೇಲೆ ಆ ಮನೆಗಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಿಮಗೇನಾದರೂ ಆಸೆ ಇದೆಯೇ ಎಂದರೆ, ಕಿಟಕಿ ಪಕ್ಕದ ಕುರ್ಚಿಯ ಕಾಲು ರಿಪೇರಿಯಾಗಲಿ ಎನ್ನುತ್ತಾರೆ. ಆದರೆ ಆ ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ, ಪತ್ರಿಕೆ ಹರಡುವ ಮೊದಲೇ, ಅವರ ಬೆರಳು ಪಕ್ಕದ ಊರಿನ ನಂಬರ್ ಒತ್ತಿಬಿಟ್ಟಿದೆ.

"ನಿಮ್ಮ ತಮ್ಮ ಬಂದ್ರಾ?"

"ನಿನ್ನೆನೇ ಬಂದ ತಾಯಿ. ಬಂದಾಗಿಂದ ಬೈತಾನೇ ಇದಾನೆ. ಮೆಟ್ಟಿಲು ಸರಿ ಇಲ್ಲ, ಸ್ವಿಚ್ ಸರಿ ಇಲ್ಲ, ನಾನು ಮಾತ್ರೆ ತಗೊಳ್ಳೋ ರೀತಿ ಸರಿ ಇಲ್ಲ. ಒಂದು ಒಳ್ಳೆ ಮಾತು ಆಡಿಲ್ಲ."

"ಹಾಗಾದ್ರೆ ಅವರೇ ಬಿಡಿ" ಎನ್ನುತ್ತಾರೆ ಬೀಗದಕ್ಕ.