ಅಕ್ಕನ ಮಗಳ ನಮಾಜು ಕೆಡಿಸಿದವನು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಬೈಯುವಾಗ ಇಬ್ಬರಿಗೂ ಆರಾಮ. ಎಂಟು ವರ್ಷದ ಕೂಸು ಖುಷಿಯಿಂದ ನಮಾಜು ಕಲಿಯುತ್ತಿತ್ತು. ಅದನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಕೆಡಿಸಿದೆ.

ನನಗೆ ಮಂದಿಯ ನಕಲು ಮಾಡುವ ಚಟ. ಬೀದರ್ ಬಸ್ ಸ್ಟ್ಯಾಂಡಿನಲ್ಲಿ ಮೂಗಿನಿಂದ ಊರ ಹೆಸರು ಕೂಗುವ ಕಂಡಕ್ಟರ್, ಗಿರಾಕಿ ಬಂದರೆ ಒಂದು ದನಿ, ಹೋದ ಮೇಲೆ ಇನ್ನೊಂದು ದನಿ ತೆಗೆಯುವ ನನ್ನ ಅಂಗಡಿ ಮಾಲಕ, ಸೂಜಿ ಕಂಡರೆ ಕಣ್ಣು ಮುಚ್ಚಿ ಅಮ್ಮಿಯನ್ನು ಕರೆಯುವ ನಾನು, ಯಾರನ್ನೂ ಬಿಟ್ಟಿಲ್ಲ.

ಬೇಸಿಗೆ ರಜೆಗೆ ಭಾಲ್ಕಿಯಿಂದ ಆಪಾಳ, ಅಂದರೆ ನನ್ನ ಅಕ್ಕನ, ಮಗಳು ನಮ್ಮ ಮನೆಗೆ ಬಂದಿದ್ದಳು. ಆಪಾ ಕಳಿಸಿದ್ದೇ ಅಮ್ಮಿಯ ಹತ್ತಿರ ನಮಾಜು ಕಲಿಯಲಿ ಎಂದು. "ಬೈದು ಕಲಿಸ್‌ಬ್ಯಾಡ ಅಮ್ಮಿ," ಎಂದು ಫೋನಿನಲ್ಲಿ ಹೇಳಿದ್ದಳು. "ನನಗ ಬೈದೇ ಕಲಿಸಿದ್ರು. ಇವತ್ತಿಗೂ ಅಜಾನ್ ಕೇಳಿದ್ರ ಮೊದ್ಲು ಅಂಜಿಕಿ ಬರ್ತದ. ಅಕಿಗಿ ಹಂಗ ಆಗಬಾರ್ದು."

ಅಮ್ಮಿ ತನ್ನ ಹಳೆಯ ಶಾಲಿನಿಂದ ನಮಾಜಿನ ಪುಟ್ಟ ಹಾಸು, ಜಾನಮಾಜು, ಹೊಲಿದುಕೊಟ್ಟಳು. ಅಜಾನ್ ಕೇಳಿದ ಕೂಡಲೇ ಕೂಸು ಆಟ ಬಿಟ್ಟು ಓಡಿಬಂದು, ಅದನ್ನು ಹಾಸಿ, ಅಮ್ಮಿಗಿಂತ ಮೊದಲೇ ನಿಂತಿರುತ್ತಿತ್ತು.

ಒಂದು ಮಧ್ಯಾಹ್ನ ಅಮ್ಮಿ ಮನೆಯಲ್ಲಿರಲಿಲ್ಲ. "ಮಾಮು, ಮಸೀದ್ಯಾಗ ಗಂಡಸ್ರು ಹ್ಯಾಂಗ ಮಾಡ್ತಾರ್ರಿ?" ಎಂದು ಕೂಸು ಕೇಳಿತು. ಶಾಣ್ಯಾ ಮನುಷ್ಯನಾಗಿದ್ದರೆ ಬಾಯಲ್ಲಿ ವಿವರಿಸಿ ಹೇಳುತ್ತಿದ್ದ. ನಾನು ಮಾಡಿ ತೋರಿಸಿದೆ. ಕೋಳಿ ಕಾಳು ಹೆಕ್ಕಿದಂತೆ ನೆಲಕ್ಕೆ ಹಣೆ ಮುಟ್ಟಿಸಿ ಸಜ್ದಾ ಮುಗಿಸುವವರು. ಕಟ್ಟಿದ ಕೈ ಬಿಚ್ಚದೆ, ಸೊಂಟ ತಿರುವಿ ಕಿಸೆಯ ಫೋನ್ ಬಂದ್ ಮಾಡಲು ನೋಡುವವರು. ಔರಾದಿನ ನಮ್ಮ ನಾನಾ, ಅಂದರೆ ಅಮ್ಮಿಯ ಅಪ್ಪ, ಮೊಣಕಾಲು ಹಿಡಿದು ಬಾವಿಯ ತಳದಿಂದ ಬಂದಂಥ ಉಸಿರಿನಲ್ಲಿ "ಯಾ ಅಲ್ಲಾಹ್" ಎಂದು ಏಳುವುದು. ಕೊನೆಗೆ, ಬಾಗಿಲಲ್ಲಿ ಬಿಟ್ಟ ಹೊಸ ಚಪ್ಪಲಿಯ ಮೇಲೆ ಓರೆಗಣ್ಣಿಟ್ಟ ನಾನು. ಕೂಸು ನೆಲದ ಮೇಲೆ ಹೊರಳಾಡಿ ನಕ್ಕಿತು. ನಾನು ಉಬ್ಬಿಹೋದೆ.

ಅದೇ ಸಂಜೆ ಮಗ್ರಿಬ್ ನಮಾಜಿನಲ್ಲಿ ಅಮ್ಮಿ ಸಜ್ದಾದಿಂದ ಏಳುವಾಗ ಉಸ್ಸೆಂದಳು. ಅಷ್ಟೇ ಸಾಕಾಯಿತು, ಕೂಸು ಕಿಲಕಿಲ ನಕ್ಕುಬಿಟ್ಟಿತು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಎಲ್ಲೋ ಕೇಳಿದ್ದನ್ನು ನೆನಪಿಸಿಕೊಂಡು, ಕಟ್ಟುನಿಟ್ಟಿನ ಮೌಲ್ವಿಯ ದನಿಯಲ್ಲಿ ಹೇಳಿದೆ: "ನಮಾಜಿನ್ಯಾಗ ಜೋರಾಗಿ ನಕ್ಕರ ನಮಾಜೂ ಮುರೀತದ, ವಜೂನೂ ಮುರೀತದ. ಹೋಗು, ಮತ್ತ ಕೈ ಕಾಲು ಮಾರಿ ತೊಳಕೊಂಡು ಬಾ!"

ಹೋಯಿತು. ತೊಳೆದುಕೊಂಡು ಬಂದು ನಿಂತಿತು. ಮತ್ತೆ ನಗು. ಮತ್ತೆ ನಲ್ಲಿ. ಎರಡು ದಿನ ಹೀಗೇ ನಡೆಯಿತು. ತೋಳು ಸದಾ ಒದ್ದೆ, ಬೆರಳ ತುದಿಯೆಲ್ಲ ಸುಕ್ಕು. ಮೂರನೇ ದಿನ ಅಜಾನ್ ಕೇಳಿದಾಗ ಅದು ಏಳಲೇ ಇಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿತು.

"ನಂದು ನಮಾಜ್ ನಿಂದ್ರಂಗಿಲ್ರಿ ಮಾಮು," ಎಂದಿತು. "ಅಲ್ಲಾಹ್ ನನಗ ಬ್ಯಾಡ ಅಂತಾನ."

ಭಾನುವಾರ ದುಲ್ಹಾಭಾಯಿ, ಅಂದರೆ ನನ್ನ ಭಾವ, ಮಗಳನ್ನು ಕರೆದೊಯ್ಯಲು ಬರುವವರಿದ್ದರು. ಆಪಾ ದಿನಾ ಸಂಜೆ ಫೋನ್ ಮಾಡಿ "ಹ್ಯಾಂಗ ನಡದದ?" ಎಂದು ಕೇಳುತ್ತಿದ್ದಳು. "ಮಸ್ತ್ ನಡದದ ಆಪಾ!" ಎನ್ನುತ್ತಿದ್ದೆ. ಅದೂ ನಕಲೇ, ನಿಶ್ಚಿಂತೆಯಾಗಿದ್ದ ನನ್ನದೇ ನಕಲು.

ಚಾಕಲೇಟ್ ತಂದೆ. ತಿಂದು ಮತ್ತೆ ಮಲಗಿತು. ಜರಿ ಅಂಚಿನ ದುಪಟ್ಟಾ ತಂದೆ. ಮಡಚಿಟ್ಟಿತು. ಕೊನೆಗೆ ಮುಖ ಗಂಭೀರ ಮಾಡಿಕೊಂಡು ಎದುರಿಗೆ ಕುಳಿತು, ಅಲ್ಲಾಹ್ ಹಾಗೆಲ್ಲ ಬೇಡ ಅನ್ನುವುದಿಲ್ಲ ಎಂದು ತಿಳಿಸಿ ಹೇಳಿದೆ. ಕೂಸು ಪೂರ್ತಿ ಕೇಳಿಸಿಕೊಂಡು, "ಇದು ಯಾರ್ದು ನಕಲು ಮಾಡ್ಲತ್ತೀರಿ?" ಎಂದಿತು.

ಅಮ್ಮಿಗೆ ಎಲ್ಲ ಹೇಳಿದೆ. "ನಿನ್ನ ಮಾತು ಅಕಿ ಇನ್ನ ನಂಬಂಗಿಲ್ಲ," ಎಂದಳು. "ಔರಾದಿಗಿ ನಮ್ಮ ಅಬ್ಬಾನ ಕಡಿ ಕರ್ಕೊಂಡು ಹೋಗು."

ಶನಿವಾರ ಔರಾದಿನ ಬಸ್ಸು ಹತ್ತಿದೆವು. ಬೇರೆ ದಿನವಾಗಿದ್ದರೆ ಕಂಡಕ್ಟರನ ದನಿ ತೆಗೆಯಿರಿ ಎಂದು ಪೀಡಿಸುತ್ತಿತ್ತು. ಅಂದು ಕಿಟಕಿಗೆ ಹಣೆ ಹಚ್ಚಿ ಸುಮ್ಮನೆ ಕುಳಿತಿತ್ತು. ನಾಳೆ ಹೀಗೇ ಭಾಲ್ಕಿಗೆ ಹೋದರೆ? ದೊಡ್ಡವಳಾಗಿ, ನಮಾಜು ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ಯಾರ ಹೆಸರು ಹೇಳೀತು?

ನಾನಾನ ಮುಂದೆ ಎಲ್ಲ ಒಪ್ಪಿಕೊಂಡೆ. ಒಂದನ್ನು ಮಾತ್ರ ಬಿಟ್ಟೆ. ಕೂಸು ಬಿಡಬೇಕಲ್ಲ!

"ನಾನಾ, ಮಾಮು ನಿಮ್ದೂ ಮಾಡ್ತಾರ್ರಿ."

"ಹೌದಾ? ಮಾಡಿ ತೋರ್ಸಪ್ಪ."

ಎದ್ದು ನಿಂತೆ. ಮಾಡಿದೆ. ನಾನಾ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ತಪ್ಪು ಹಿಡದಿ. ನಂದು ನೋಯೋದು ಎಡಗಾಲು."

ಕೂಸು ಫಕ್ಕನೆ ನಕ್ಕಿತು. ನಾನಾ ಅದನ್ನು ಹತ್ತಿರ ಕರೆದು ವಯಸ್ಸು ಕೇಳಿದರು. ಎಂಟು ಎಂದಾಗ ನನ್ನ ಕಡೆ ತಿರುಗಿದರು. "ದೊಡ್ಡೋರು ನಕ್ಕರ ವಜೂ ಹೋಗ್ತದ. ಸಣ್ಣ ಕೂಸಿಗಿ ನಮಾಜ್ ಅಷ್ಟೇ ಹೋಗ್ತದ, ವಜೂ ಅಲ್ಲೇ ಇರ್ತದ. ಅರ್ಧ ಕೇಳಿ ಪೂರಾ ಹೇಳ್ತಿಯಲ್ಲೋ! ಸುಮ್‌ಸುಮ್ನ ನೀರಾಗ ನೆನಸಿದಿ ಕೂಸಿನ." ಆಮೇಲೆ ಕೂಸಿಗೆ ಹೇಳಿದರು: "ನಗು ಬಂದ್ರ ನಕ್ಕು ಮುಗ್ಸು, ಬೇಟಾ. ಮತ್ತ ನಿಂದ್ರು. ಹತ್ತು ಸಲ ಬಂದ್ರೂ ಅಲ್ಲಾಹ್ ಬ್ಯಾಡ ಅನ್ನಂಗಿಲ್ಲ."

ಇಳಿಹೊತ್ತಿನ ಅಸರ್ ಅಜಾನ್ ಆಯಿತು. ನಾನಾ ಕೋಲು ಹಿಡಿದು ಮಸೀದಿಗೆ ಹೊರಟರು. "ನಡಿ" ಎಂದರು. "ಮುಂದ ನಡೀರಿ, ಬಂದೆ," ಎಂದವನು ಬಾಗಿಲ ಹಿಂದೆಯೇ ನಿಂತೆ.

ಕೂಸು ಅಂಗಳದಲ್ಲಿ ಚಾಪೆ ಹಾಸಿ ನಿಂತಿತು. ತುಸು ಹೊತ್ತಿಗೇ ನಗು. ಅತ್ತಿತ್ತ ನೋಡಿತು. ನಲ್ಲಿಯ ಕಡೆ ಒಂದು ಹೆಜ್ಜೆ ಇಟ್ಟಿತು. ಹೆಜ್ಜೆ ಹಿಂದಕ್ಕೆ ಬಂತು, ಕೈ ಮತ್ತೆ ಎದೆಯ ಮೇಲೆ ಕೂತಿತು. ಸೊಂಟ ಬಾಗಿಸಿ ರುಕೂಗೆ ಹೋದಾಗ ಭುಜ ಕುಲುಕಿತು. ಮತ್ತೆ ನಗು, ಮತ್ತೆ ಮೊದಲಿನಿಂದ. ಮೂರನೇ ಸಲ ಸಜ್ದಾಕ್ಕೆ ಹೋದದ್ದು ಬೇಗ ಏಳಲಿಲ್ಲ. ಅಳುತ್ತಿದೆಯೇನೋ ಎಂದು ಬಾಗಿಲ ಸಂದಿಗೆ ಕಣ್ಣು ಹಚ್ಚಿದೆ. ಎದ್ದಿತು. ತುಟಿ ಮೆಲ್ಲಗೆ ಆಡುತ್ತಿತ್ತು. ಬೆರಳು ಮಡಚಿ ಎಣಿಸಿದೆ, ನಾಲ್ಕೂ ರಕಾತು, ನಮಾಜಿನ ನಾಲ್ಕೂ ಸುತ್ತು, ಪೂರ್ತಿ.

ನಮಾಜು ಮುಗಿಸಿ ಬಲಕ್ಕೆ ತಿರುಗಿ ಸಲಾಂ ಹೇಳಿತು. ಎಡಕ್ಕೆ ತಿರುಗಿದಾಗ ಬಾಗಿಲ ಸಂದಿಯಲ್ಲಿ ನಾನು ಕಂಡೆ. ಓಣಿಯಲ್ಲಿ ಮಸೀದಿಯಿಂದ ಮರಳುವವರ ಚಪ್ಪಲಿ ಸದ್ದು ಆಗಲೇ ಶುರುವಾಗಿತ್ತು. ಕೂಸು ಚಾಪೆ ಸುತ್ತಿ ಬಗಲಲ್ಲಿಟ್ಟುಕೊಂಡು ನನ್ನನ್ನೇ ನೋಡಿತು.

"ನಂದು ನಮಾಜ್ ಆತ್ರಿ ಮಾಮು. ನೀವು ನಂದು ನೋಡ್ಕೋತ ನಿಂತ್ರ, ನಿಮ್ದು ಯಾರು ಮಾಡೋರು?"