ಹಿಂದಿನಿಂದ ಕರೆಯದವರು

ನಮ್ಮ ಮನೆಯಲ್ಲಿ ಹೊರಟವರನ್ನು ‘ಎಲ್ಲಿಗೆ?’ ಅಂತ ಕೇಳುವ ಹಾಗಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ತೀರಾ ತಡೆಯಲಾಗದಿದ್ದರೆ ‘ದೂರ ಹೊರಟ್ಯಾ?’ ಅನ್ನಬಹುದು, ಅಷ್ಟೆ. ಹಾಗೇ ಹೊಸ್ತಿಲು ದಾಟಿದವರನ್ನು ಹಿಂದಿನಿಂದ ಕೂಗಲೂಬಾರದು. ಏನೇ ತಲೆ ಹೋಗುವ ವಿಷಯವಿದ್ದರೂ ಎದುರಿಗೆ ಹೋಗಿಯೇ ಹೇಳಬೇಕು. ಈ ಎರಡು ಶಾಸ್ತ್ರಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯಲು ಕಾರಣವಿತ್ತು. ಅಂಟಾರ್ಕ್ಟಿಕಾದಲ್ಲಿ ಹಿಮದ ಅಂಚಿಗೆ ಸಣ್ಣಪುಟ್ಟ ಕೆರೆಗಳಿವೆ. ಅವುಗಳ ತಳದ ಹೂಳಿನಲ್ಲಿ ಹಳೆಯ ಕಾಲದ ಚಳಿ, ಬಿಸಿಲು, ಗಾಳಿಯ ಗುರುತೆಲ್ಲ ಪದರಪದರವಾಗಿ ಕೂತಿರುತ್ತದೆ. ಆ ಪದರಗಳನ್ನು ಬಿಡಿಸಿ ನೋಡುವುದು ನನ್ನ ಕೆಲಸ. ಪಿಎಚ್.ಡಿ. ಮುಗಿಸಿದ್ದು ಬೇರೆಯವರು ತಂದುಕೊಟ್ಟ ಹೂಳಿನ ಮೇಲೆ. ಆ ಕೆರೆಗಳನ್ನು ನಾನು ಕಣ್ಣಾರೆ ಕಂಡವಳಲ್ಲ. ಕಾಣಬೇಕೆಂದರೆ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಸಿಗಬೇಕಿತ್ತು. ಪಿಎಚ್.ಡಿ. ಆಗಿ ಇನ್ನೂ ಖಾಯಂ ಕೆಲಸ ಸಿಗದ ನಮ್ಮಂಥವರು ಸಂಶೋಧನೆ ಬಿಟ್ಟು ಓಡಿಹೋಗದ ಹಾಗೆ ಒಂದೆರಡು ವರ್ಷ ಹಿಡಿದಿಡುವ ಆಸರೆ ಅದು. ಅದಕ್ಕೂ ಪದವಿ ಬಂದು ಇಂತಿಷ್ಟು ವರ್ಷದೊಳಗೆ ಅನ್ನುವ ಗಡುವು. ಹಾಕಿದ ಅರ್ಜಿಗಳೆಲ್ಲ ಬಿದ್ದುಹೋಗಿ ಇದೊಂದು ಉಳಿದಿತ್ತು. ಇದೂ ಹೋದರೆ ನನ್ನ ಗಡುವು ಮುಗಿಯುತ್ತಿತ್ತು, ಆ ಕೆರೆಗಳ ಆಸೆಯೂ ಮುಗಿಯುತ್ತಿತ್ತು.

ಸಂದರ್ಶನಕ್ಕೆ ಓದಿಕೊಳ್ಳಲು ಶಿಕಾರಿಪುರದ ಮನೆಗೆ ಬಂದು ಕೂತಿದ್ದೆ. ಅಪ್ಪನದು ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಮಂಡಿ. ಪ್ರಪಂಚದ ಸುದ್ದಿಯೆಲ್ಲ ಬೇಕು ಅವರಿಗೆ. ಪಕ್ಕದ ಮನೆಯ ಸೊಸೆ ಮೈಸೂರಿಗೆ ಹೋಗಿ ಬಂದಿದ್ದನ್ನು ಅಮ್ಮನೂ ಅವರೂ ಸೇರಿ ಅರ್ಧ ಗಂಟೆ ವಿಚಾರಿಸಿದರು. ಆದರೆ ಸ್ವಂತ ಮಗಳು ಭೂಮಿಯ ತುದಿಗೆ ಹೋಗಲು ಒದ್ದಾಡುತ್ತಿದ್ದರೆ ‘ಅದು ಎಲ್ಲಿದೆಯೇ, ಹೇಗಿದೆಯೇ’ ಅಂತ ಒಂದು ಮಾತಿಲ್ಲ! ಇವರಿಗೆ ನಾನು ಹೋಗುವುದು ಬೇಡವಾಗಿದೆ ಅಂತಲೇ ನಾನು ತಿಳಿದುಕೊಂಡಿದ್ದೆ.

ಸಂದರ್ಶನ ಆನ್‌ಲೈನಿನಲ್ಲಿತ್ತು. ಆ ದಿನವೇ ಊರಿಗೆಲ್ಲ ಸಂಜೆಯವರೆಗೆ ಕರೆಂಟ್ ತೆಗೆಯುತ್ತಾರೆಂದು ಗೊತ್ತಾಯಿತು. ಸೊರಬದಲ್ಲಿ ದೊಡ್ಡಮ್ಮನ ಮನೆಯಿದೆ, ಅಲ್ಲಿ ನೆಟ್ಟೂ ಚೆನ್ನಾಗಿದೆ. ಬೆಳಗ್ಗೆ ಕರೆಂಟ್ ಹೋಗಿದ್ದೇ ತಡ, ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ.

‘ದೂರ ಹೊರಟ್ಯಾ?’ ಅಂದರು ಅಪ್ಪ.

‘ಹೌದು, ದೂರ,’ ಅಂದೆ, ಮುಖ ಗಂಟುಹಾಕಿಕೊಂಡೇ. ಕೇಳದವರಿಗೆ ನಾನ್ಯಾಕೆ ಹೇಳಲಿ?

ಬಸ್ಸು ಶಿರಾಳಕೊಪ್ಪದ ಸ್ಟ್ಯಾಂಡಿಗೆ ಬಂದು ತಿರುಗುತ್ತಿದ್ದಾಗ ಡ್ರೈವರು ಗಕ್ಕನೆ ಬ್ರೇಕ್ ಹಾಕಿ, ‘ಏನ್ರೀ ಯಜಮಾನ್ರೇ, ಬಸ್ಸಿಗೇ ಅಡ್ಡ ನಿಲ್ತೀರಲ್ರೀ!’ ಅಂತ ಕೂಗಿದ. ನೋಡಿದರೆ ಅಪ್ಪ! ಸ್ಕೂಟರನ್ನು ಪಕ್ಕಕ್ಕೆ ಹಾಕಿ ಗಾಜಿನ ಎದುರಿಗೇ ನಿಂತಿದ್ದಾರೆ. ಮುಖ, ಮೀಸೆಯೆಲ್ಲ ಧೂಳು. ಮುಂದಿನ ಬಾಗಿಲಿನಿಂದ ಹತ್ತಿ ಬಂದವರ ಕೈಯಲ್ಲಿ ನನ್ನ ಲ್ಯಾಪ್‌ಟಾಪಿನ ಚಾರ್ಜರ್ ಇತ್ತು.

ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು; ಚಾರ್ಜರ್ ಇಲ್ಲದಿದ್ದರೆ ಅದು ಊಟದ ತಟ್ಟೆ ಮುಚ್ಚಲಿಕ್ಕಷ್ಟೇ ಲಾಯಕ್ಕು.

‘ಮಿಕ್ಸಿ ಹಿಂದಿನ ಪ್ಲಗ್ಗಿನಲ್ಲೇ ಬಿಟ್ಟಿದ್ದೆಯಂತೆ. ನೀನು ಗೇಟು ದಾಟೋವಾಗ ನಿಮ್ಮಮ್ಮ ನೋಡಿದಳು.’

‘ಮತ್ತೆ ಕೂಗೋದಲ್ವಾ ಅಪ್ಪ? ಒಂದು ಫೋನ್ ಮಾಡೋದಲ್ವಾ?’

‘ನಾನೂ ಅದೇ ಅಂದೆ. ಫೋನ್ ಮಾಡಿದರೂ ಹಿಂದಿನಿಂದ ಕರೆದ ಹಾಗೇ ಆಯ್ತಲ್ರೀ ಅಂದಳು.’

ಅಯ್ಯೋ ದೇವರೇ! ಎಲ್ಲಿಗೆ ಅಂತ ಕೇಳಿರದ ಕಾರಣ ಇವರಿಗೆ ನಾನು ಯಾವ ಬಸ್ಸು ಹತ್ತಿದೆನೆಂದೂ ಗೊತ್ತಿಲ್ಲ. ಮಂಡಿಯನ್ನು ಆಳುಗಳ ಮೇಲೆ ಬಿಟ್ಟು, ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರನ್ನೆಲ್ಲ ಕೇಳಿದ್ದಾರೆ. ಹೂ ಮಾರುವಾಕೆ ‘ಸೊರಬದ ಬಸ್ಸು ಹತ್ತಿದ್ಲು’ ಅಂದದ್ದೇ ಸ್ಕೂಟರ್ ಓಡಿಸಿ, ದಾರಿಯಲ್ಲಿ ಬಸ್ಸನ್ನು ಹಿಂದೆ ಹಾಕಿ ಬಂದಿದ್ದಾರೆ. ಹಿಂದೆ ಹಾಕುವಾಗಲೂ ಕೂಗಲಿಲ್ಲ, ಹಾರ್ನ್ ಕೂಡ ಮಾಡಲಿಲ್ಲವಂತೆ.

‘ತುಂಬಿದ ಕೈಯಲ್ಲಿ ಎದುರಿಗೆ ಬಂದೀನಿ. ಒಳ್ಳೆ ಶಕುನ,’ ಅಂದು ಇಳಿದುಹೋದರು. ಚಾರ್ಜರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಸೊರಬದವರೆಗೂ ಕೂತಿದ್ದೆ.

‘ಡಾಕ್ಟರಾದ ಮೇಲೂ ಇನ್ನೆಂಥ ಪರೀಕ್ಷೆಯೇ ಮಾರಾಯ್ತಿ ನಿಂಗೆ?’ ಅನ್ನುತ್ತ ದೊಡ್ಡಮ್ಮ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟಳು. ಹೂಳಿನ ಪ್ರಶ್ನೆಗಳಿಗೆಲ್ಲ ಸಲೀಸಾಗಿ ಉತ್ತರ ಕೊಟ್ಟೆ. ಕೊನೆಗೆ ಸಮಿತಿಯಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು ಕನ್ನಡಕ ತೆಗೆದು ಕೇಳಿದರು: ‘ತಿಂಗಳುಗಟ್ಟಲೆ ಹಿಮದಲ್ಲಿರಬೇಕು. ಮನೆಯವರು ವಾಪಸ್ಸು ಬಾ ಅಂದರೆಂದು ಅರ್ಧಕ್ಕೇ ಬಿಟ್ಟವರನ್ನು ನೋಡಿದ್ದೇವೆ. ನಿಮ್ಮ ಮನೆಯಲ್ಲಿ ಹೇಗೆ?’

ಉರುಹೊಡೆದಿಟ್ಟ ಉತ್ತರವೊಂದಿತ್ತು. ಅದು ಬಾಯಿಗೆ ಬರಲೇ ಇಲ್ಲ. ಧೂಳು ಮೆತ್ತಿದ ಮೀಸೆಯೊಂದೇ ಕಣ್ಣಿಗೆ ಕಟ್ಟಿತು.

‘ನಮ್ಮ ಮನೆಯಲ್ಲಿ ಹೊರಟವರನ್ನು ಹಿಂದಿನಿಂದ ಕರೆಯುವುದಿಲ್ಲ ಮೇಡಂ,’ ಅಂದೆ. ಅನ್ನುವಾಗಲೇ ನನಗೂ ಅದು ಮೊದಲ ಸಲ ಅರ್ಥವಾಯಿತು.

ಫಲಿತಾಂಶಕ್ಕೆ ಕಾಯುತ್ತ ಕೆಲವು ವಾರ ಶಿಕಾರಿಪುರದಲ್ಲೇ ಉಳಿದೆ. ಒಂದು ಬೆಳಗ್ಗೆ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಫೋನಿಗೆ ಇಮೇಲ್ ಬಂತು. ಆಯ್ಕೆಯಾಗಿತ್ತು! ಎರಡು ಸಲ ಓದಿದೆ. ಹೋದ ಜೀವ ಬಂದಂತಾಯಿತು. ತರಕಾರಿ ಅಲ್ಲೇ ಬಿಟ್ಟು ಯಾರ್ಡಿಗೆ ಓಡಿದೆ.

ಅಪ್ಪ ಮೆಕ್ಕೆಜೋಳದ ರಾಶಿಗಳ ನಡುವೆ ಆ ಕಡೆಗೆ ಮುಖ ಮಾಡಿ ನಡೆದುಹೋಗುತ್ತಿದ್ದರು. ‘ಅಪ್ಪಾ!’ ಅನ್ನುವುದು ಗಂಟಲಿಗೆ ಬಂದಿತ್ತು. ನುಂಗಿಕೊಂಡೆ. ಗೋದಾಮಿನ ಹಿಂದಿನಿಂದ ಸುತ್ತುಹಾಕಿ ಓಡಿ, ಏದುಸಿರು ಬಿಡುತ್ತ ಅವರ ಎದುರಿಗೆ ಹೋಗಿ ನಿಂತೆ.

ಅಪ್ಪ ನನ್ನ ಮುಖವನ್ನೇ ನೋಡಿದರು. ‘ಆಯ್ತಾ?’

‘ಆಯ್ತಪ್ಪ.’

‘ಉಸ್ಸಪ್ಪಾ!’ ಅಂತ ಒಂದು ಚೀಲದ ಮೇಲೆ ಕುಸಿದು ಕೂತರು. ಟವೆಲ್ಲಿನಿಂದ ಮುಖ ಒರೆಸಿಕೊಂಡವರು ಕಣ್ಣನ್ನು ಬಹಳ ಹೊತ್ತು ಒರೆಸಿಕೊಂಡರು.

‘ಕೆಲಸ ಆಯ್ತಲ್ಲ, ಇನ್ನು ಕೇಳಬಹುದು,’ ಅಂದರು. ‘ಎಲ್ಲಿಗೆ ಮಗಳೇ? ಹಡಗೋ, ವಿಮಾನವೋ? ಅಲ್ಲಿ ಊಟಕ್ಕೆ ಏನು ಕೊಡ್ತಾರೆ? ಆ ಕೆರೆ ಎಷ್ಟು ದೊಡ್ಡದು, ನಮ್ಮೂರ ಕೆರೆಯಷ್ಟಾದರೂ ಇದೆಯಾ?’

ಹೊಲಿಗೆ ಬಿಚ್ಚಿದ ಚೀಲದಿಂದ ಕಾಳು ಸುರಿದ ಹಾಗೆ ಪ್ರಶ್ನೆಗಳು ಸುರಿದವು. ನಾನು ಮೊದಲನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಎದ್ದು ನನ್ನ ಕೈ ಹಿಡಿದರು.

‘ತಡಿ, ಇಲ್ಲಿ ಬೇಡ. ಮನೆಗೆ ಹೋಗೋಣ ನಡಿ. ನಿಮ್ಮಮ್ಮನ ಹತ್ರ ನನಗಿಂತ ಜಾಸ್ತಿ ಪ್ರಶ್ನೆ ಅದಾವೆ.’