ಇಲ್ಲದ ದಂಪತಿಗೆ ಧನ್ಯವಾದ

ಕೊಲ್ಲೂರಿನ ಒಂದು ಲಾಡ್ಜಿಗೆ ರೂಮು ಬುಕ್ ಮಾಡುವ ವೆಬ್‌ಸೈಟನ್ನು ಯಾರೋ ಮಾಡಿಕೊಟ್ಟು ಕೈತೊಳೆದುಕೊಂಡಿದ್ದರು. ಅದನ್ನು ಸುಧಾರಿಸುವ ಕೆಲಸ ಕುಂದಾಪುರದಲ್ಲಿದ್ದ ನನ್ನ ತಲೆಗೆ ಬಂತು. ಪೂರ್ತಿ ಕೆಡವಿ ಕಟ್ಟೋಣವೆಂದರೆ ಯಾತ್ರಿಕರು ಒಂದು ದಿನವೂ ಬರುವುದು ನಿಲ್ಲಿಸುವವರಲ್ಲ. ಹಾಗಾಗಿ ಹೊಸ ಫ್ರೇಮ್‌ವರ್ಕನ್ನು, ಅಂದರೆ ವೆಬ್‌ಸೈಟಿನ ಒಳಗಿನ ಹಂದರವನ್ನು, ಹಳೆಯದರೊಳಗೇ ಒಂದೊಂದು ಪುಟವಾಗಿ ತೂರಿಸತೊಡಗಿದೆ. ಯಾರಿಗೂ ಗೊತ್ತೇ ಆಗದಂತೆ ಮಾಡುತ್ತೇನೆಂಬ ಜಂಬ ಬೇರೆ.

ಮೊದಲು, ಫೋನ್ ನಂಬರು ಹಾಕದಿದ್ದರೆ ಬುಕಿಂಗೇ ಆಗದಂತೆ ಮಾಡಿದೆ. ಮ್ಯಾನೇಜರು ಅಂದೇ ಫೋನು ಮಾಡಿದರು.

“ಇದ್ ಎಂತ ಮಾರಾಯ್ರೆ, ನಂಬರ್ ಇಲ್ದಿರೆ ಮುಂದ್ ಹೋತಿಲ್ಲ ಅಂತ್ ಕೂಕಂಡಿತ್!”

“ಬಂದವ್ರ ಹತ್ರ ಕೇಣಿ, ಹಾಕಿ,” ಎಂದೆ ಸಿಟ್ಟಿನಲ್ಲಿ.

ಕೇಳೋಣವೆಂದರೆ ಬಂದವರು ಇದ್ದರೆ ತಾನೆ! ಕೊನೆಯ ಬಸ್ಸಿಗೆ ಮಕ್ಕಳುಮರಿ ಕಟ್ಟಿಕೊಂಡು ಇಳಿಯುವವರಿಗೆಂದು ಮ್ಯಾನೇಜರು ದಿನವೂ ಒಂದು ರೂಮನ್ನು ಇಲ್ಲದ ಗಂಡಹೆಂಡಿರ ಹೆಸರಿನಲ್ಲಿ ತಡೆದಿಡುತ್ತಿದ್ದರು. ನಿಜವಾದವರು ಬಂದ ಕೂಡಲೇ ಸುಳ್ಳು ದಂಪತಿಯನ್ನು ಖಾಲಿ ಮಾಡಿಸುತ್ತಿದ್ದರು. ನನಗೆ ಇದೆಲ್ಲ ಆಮೇಲೆ ಗೊತ್ತಾದದ್ದು. ನಂಬರು ಬೇಕೇ ಬೇಕೆಂದಾಗ ಅವರು ತಮಗೆ ಬಾಯಿಪಾಠವಿದ್ದ ಒಂದೇ ನಂಬರು ಹಾಕಿದ್ದರು: ಉಪ್ಪುಂದದ ಮನೆಯಲ್ಲಿದ್ದ ಹೆಂಡತಿಯದು.

ಮುಂದಿನ ತಿಂಗಳು ಫ್ರೇಮ್‌ವರ್ಕಿನ ಇನ್ನೊಂದು ಸೌಲಭ್ಯ ಸೇರಿಸಿದೆ. ರೂಮು ಖಾಲಿ ಮಾಡಿದವರಿಗೆ ತನ್ನಷ್ಟಕ್ಕೆ ಮೆಸೇಜು ಹೋಗುತ್ತದೆ. ಗಂಡಹೆಂಡಿರಾದರೆ ಹೀಗೆ: ‘ದಂಪತಿಗಳೇ, ನಮ್ಮಲ್ಲಿ ತಂಗಿದ್ದಕ್ಕೆ ಧನ್ಯವಾದ. ಮತ್ತೆ ಬನ್ನಿ.’ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ಮಧ್ಯಾಹ್ನ ನಾನು ಲಾಡ್ಜಿನ ಕೌಂಟರಿನಲ್ಲಿ ಕೂತು ಮತ್ತೊಂದು ಪುಟ ಬದಲಿಸುತ್ತಿದ್ದಾಗ, ಬಸ್ಸಿಳಿದು ಒಬ್ಬ ಹೆಂಗಸು ಬ್ಯಾಗು ಹಿಡಿದು ಬಂದರು. ಮ್ಯಾನೇಜರ ಮುಖ ಕಂಡೇ ಅದು ಅವರ ಹೆಂಡತಿಯೆಂದು ತಿಳಿಯಿತು. ಆಕೆ ಮೊಬೈಲನ್ನು ನಮ್ಮೆದುರು ಇಟ್ಟರು. ಸಾಲುಸಾಲು ನನ್ನ ಧನ್ಯವಾದಗಳು! ಗಂಡ ಇಲ್ಲಿ ಯಾರ ಜೊತೆ ತಂಗಿದ್ದರೆಂದು ಕೇಳಲು ಬಂದಿರಬೇಕು. ಈ ಸಂಸಾರ ಮುರಿದರೆ ಅದಕ್ಕೆ ನಾನೇ ಹೊಣೆ ಎಂದು ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡೆ.

ಮ್ಯಾನೇಜರು ತಡವರಿಸುತ್ತ ಸುಳ್ಳು ಬುಕಿಂಗಿನ ಕಥೆಯೆಲ್ಲ ಒಪ್ಪಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡರು.

“ಮತ್ತೊಬ್ಳನ್ನ್ ಕಟ್ಕಂಬುಕೆ ನಿಮ್ಗ್ ಪುರ್ಸೊತ್ ಎಲ್ಲಿತ್ ಹ್ವಾಯ್? ಮದಿಯಾಯ್ ಇಷ್ಟ್ ವರ್ಷ ಆಯ್ತ್, ಒಂದಿನ ಇಲ್ಲಿಗ್ ಕರ್ಕಂಡ್ ಬರ್ಲಿಲ್ಲ. ಈ ಮೆಸೇಜ್ ಆದ್ರೂ ದಿನಾ ಬನ್ನಿ ಅಂತ್ ಕರೀತ್. ಅದ್ಕೇ ನಾನ್ ಬಂದೆ. ರೂಮ್ ಕೊಡಿ.”

ಮ್ಯಾನೇಜರು ಕಂಪ್ಯೂಟರಿನ ಕಡೆ ನೋಡಲೂ ಇಲ್ಲ. ಕೀಲಿ ತೆಗೆದುಕೊಂಡು, ಹೆಂಡತಿಯ ಬ್ಯಾಗನ್ನು ತಾವೇ ಹೊತ್ತು ಮೆಟ್ಟಿಲು ಹತ್ತಿದರು.

“ಹ್ವಾಯ್, ಕೌಂಟರಲ್ಲಿ ಯಾರ್ ಇಪ್ಪುದ್?” ಎಂದು ಕೂಗಿದೆ.

“ನೀವೇ ಕೂಕಣಿ,” ಎಂದು ಮೇಲಿನಿಂದ ಉತ್ತರ ಕೊಟ್ಟವರು ಆಕೆ.